ಜ್ವರ ಬಿಟ್ಟ ಮೇಲೆ ಸವಿತಾ

ಹುನಗುಂದ ತಾಲೂಕಿನ ಒಂದು ಊರಿನ ಕುರುಬರ ಓಣಿಯಲ್ಲಿ ಸವಿತಾಳಿಗೆ ಈಗ ಒಂದೇ ಗುರುತು: ಮಲಗುವ ಸೊಸೆ. ಈ ಹೆಸರಿಟ್ಟವರ ಬಾಯಿಗೆ ಮಣ್ಣು ಹಾಕಬೇಕು. ಮೂರು ವರ್ಷದ ಹಿಂದೆ ಇದೇ ಸವಿತಾ ನಸುಕಿನಲ್ಲಿ ಎದ್ದು, ಕುರಿದಡ್ಡಿಯ ಹಿಕ್ಕೆ ಬಳಿದು, ನಲವತ್ತು ರೊಟ್ಟಿ ಬಡಿದು, ಗಂಡ ಮಾಳಪ್ಪನಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಆಗ ಯಾರೂ ಅವಳಿಗೆ ಹೆಸರಿಡಲು ಬಂದಿರಲಿಲ್ಲ.

ಆ ಮಳೆಗಾಲ ಓಣಿಗೆಲ್ಲ ಚಿಕೂನ್‌ಗುನ್ಯಾ ಬಂತು. ಸವಿತಾಳಿಗೂ ಬಂತು, ಬಿಟ್ಟಿತು. ಹೋಗುವಾಗ ಮೈಯೊಳಗಿನ ಕಸುವನ್ನೆಲ್ಲ ಬಾಚಿಕೊಂಡು ಹೋಯಿತು. ಎರಡು ಕೊಡ ನೀರು ತಂದರೆ ಎರಡು ದಿನ ಹಾಸಿಗೆ. ಹತ್ತು ತಾಸು ಮಲಗಿ ಎದ್ದರೂ ಕಣ್ಣು ಮುಚ್ಚಿಯೇ ಇಲ್ಲವೇನೋ ಎನ್ನುವಂಥ ಸುಸ್ತು. ಬಾಗಲಕೋಟೆಯಲ್ಲಿ ರಕ್ತ ಕೊಟ್ಟದ್ದಾಯಿತು, ಎಕ್ಸ್‌ರೇ ತೆಗೆಸಿದ್ದಾಯಿತು. ಎಲ್ಲ ನಾರ್ಮಲ್. ಅತ್ತೆ ಬೋರವ್ವ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಿಪೋರ್ಟಿನ ಚೀಲವನ್ನು ಪಡಸಾಲೆಯ ಗೂಟಕ್ಕೆ ನೇತುಹಾಕಿ, ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು. ಸೊಸೆಯ ಮಾನವನ್ನೇ ಗೂಟಕ್ಕೆ ಹಾಕಿದಳು ಅನ್ನಿ.

ಕೊನೆಗೆ ನವನಗರದ ಡಾಕ್ಟರ್ ಫರಹಾನಾ ಒಬ್ಬರೇ ಅರ್ಧ ತಾಸು ಕೂತು ಕೇಳಿದರು. ಮೈಯಲ್ಲಿ ರೋಗ ಕಾಯುವ ಒಂದು ಪಡೆ ಇರುತ್ತದೆ, ಜ್ವರ ಹೋದ ಮೇಲೆ ಅದು ತಣ್ಣಗಾಗಬೇಕು, ಕೆಲವರಲ್ಲಿ ಆಗುವುದಿಲ್ಲವೆಂದು ಕಾಣುತ್ತದೆ ಎಂದರು. ತೋಳ ಬಂದುಹೋದ ಮೇಲೆ ನಿಮ್ಮ ನಾಯಿ ಏನು ಮಾಡುತ್ತದೆ ಎಂದು ಮಾಳಪ್ಪನನ್ನೇ ಕೇಳಿದರು. ತೋಳ ಇಲ್ಲದಿದ್ದರೂ ವಾರಗಟ್ಟಲೆ ಬೊಗಳುತ್ತದೆ, ಕುರಿ ಬೆದರಿ ಮೇವು ಬಿಟ್ಟು ಸೊರಗುತ್ತವೆ ಎಂದ. ಹಾಗೆಯೇ ಇದು ಎಂದರು ಡಾಕ್ಟರು. ವಿಜ್ಞಾನಿಗಳಿಗೂ ಪೂರ್ತಿ ತಿಳಿದಿಲ್ಲ, ಖಚಿತವಾಗಿ ತೋರಿಸುವ ಪರೀಕ್ಷೆಯೂ ಇನ್ನೂ ಬಂದಿಲ್ಲ. ಆದರೆ ಕಾಯಿಲೆ ಖರೆ, ಕಸುವು ಮೀರಿ ದುಡಿಸಿದರೆ ಒಂದೆರಡು ದಿನ ಬಿಟ್ಟು ನೆಲ ಹಿಡಿಯುತ್ತಾಳೆ ಎಂದು ಬಿಡಿಸಿ ಹೇಳಿದರು. ಮಾಳಪ್ಪ ತಲೆಯಾಡಿಸಿದ. ಮನೆಗೆ ಬಂದು ಅವ್ವನಿಗೆ ಹೇಳಿದ್ದೇನು? ಪರೀಕ್ಷೆಯಲ್ಲಿ ಬರದ ರೋಗವಂತೆ ಎಂದು. ಥೂ, ಇವನ ತಲೆಯೇ!

ಬೋರವ್ವ ಅಂದೇ ತೀರ್ಪು ಕೊಟ್ಟಳು. ದುಡಿದರೆ ಈ ಮನೆ, ಇಲ್ಲದಿದ್ದರೆ ಬಾದಾಮಿಯ ತವರು. ಏಳು ವರ್ಷದ ಮಗಳು ಮಾತ್ರ ಇಲ್ಲೇ ಇರಬೇಕು.

ಮಗಳ ಮುಖ ನೋಡಿ ಸವಿತಾ ಹಲ್ಲು ಕಚ್ಚಿದಳು. ಉಣ್ಣೆ ಕತ್ತರಿಸುವ ದಿನ ಮುಯ್ಯಾಳಾಗಿ ಬಂದ ಹದಿನೆಂಟು ಜನಕ್ಕೆ ನೂರು ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಮಾಡಿದಳು, ನಕ್ಕು ನೀಡಿದಳು. ಉಂಡವರೆಲ್ಲ ಸೊಸೆಗೆ ಏನೂ ಆಗಿಲ್ಲವಲ್ಲ ಎಂದು ಹೋದರು. ಮೂರನೆಯ ದಿನ ಅವಳಿಗೆ ತಲೆ ಎತ್ತಲಾಗಲಿಲ್ಲ, ಬಾಗಿಲಿನ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ನಾಟಕ ಎಂದಳು ಬೋರವ್ವ. ಮಾಳಪ್ಪ ಹೆಂಡತಿಯ ಸೀರೆಗಳನ್ನು ಚೀಲಕ್ಕೆ ತುಂಬಿದ.

ಹೊರಡುವ ಮುಂಜಾನೆ ಸವಿತಾ ಗೋಡೆ ಹಿಡಿದು ಹೊಸ್ತಿಲಿಗೆ ಬಂದಳು. ಅಂಗಳದಾಚೆ ದಡ್ಡಿಯಲ್ಲಿ ಒಂದು ಕುರಿ ಮಲಗಿತ್ತು. ಹೋದ ವಾರ ಅದಕ್ಕೂ ಜ್ವರ ಬಂದು ಬಿಟ್ಟಿತ್ತು. ಬೋರವ್ವ ಅದನ್ನು ಎಬ್ಬಿಸಿ ಹಿಂಡಿನತ್ತ ಅಟ್ಟಲು ಕೋಲು ಎತ್ತಿದಳು. ಮಾಳಪ್ಪ ಓಡಿ ಬಂದು ತಡೆದ.

"ಎಬ್ಬಸಬ್ಯಾಡವ್ವ. ಜ್ವರ ಬಿಟ್ಟೈತಿ, ಕಸುವು ಬಂದಿಲ್ಲ. ಈಗ ನಡಿಸಿದ್ರ ಸಾಯ್ತೈತಿ."

ಅಜ್ಜನ ಕಾಲದಿಂದ ಆ ಮನೆಯ ರೀತಿ ಅದು. ಜ್ವರ ಬಿಟ್ಟ ಕುರಿಯನ್ನು ತಿಂಗಳ ತನಕ ಹಿಂಡಿನೊಂದಿಗೆ ನಡೆಸುವುದಿಲ್ಲ, ಮೇವು ನೀರು ಅದರ ಬಾಯಿಯ ಹತ್ತಿರವೇ ಬರಬೇಕು. ಬೋರವ್ವ ತನ್ನದೇ ತಪ್ಪು ಎನ್ನುತ್ತ ಹಸಿ ಸೊಪ್ಪು ತಂದು ಕುರಿಯ ಮುಂದೆ ಹಾಕಿದಳು.

ಸವಿತಾಳ ಮೈಯೆಲ್ಲ ಉರಿದುಹೋಯಿತು.

"ಆ ಕುರೀದು ರಿಪೋರ್ಟ್ ಎಲ್ಲಿ ಐತ್ರಿ?" ಎಂದಳು. "ಅದರ ರಗತ ತಪಾಸಣಿ ಮಾಡಿಸೀರೇನು? ನಾರ್ಮಲ್ ಬಂದಿದ್ರ ಹೊಡದು ಎಬ್ಬಸ್ರಿ ಮತ್ತ!"

ಇಬ್ಬರೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನಿಂತರು. ಸವಿತಾ ಕಂಬಳಿ ಎಳೆದುಕೊಂಡು ಅಂಗಳ ದಾಟಿ, ದಡ್ಡಿಯೊಳಗೆ ಆ ಕುರಿಯ ಪಕ್ಕದಲ್ಲಿ ಮಲಗಿಬಿಟ್ಟಳು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನೋಡಿದರು. ನೋಡಲಿ. ರಿಪೋರ್ಟು ನೋಡಿದವರು ಇದನ್ನೂ ನೋಡಲಿ.

ಬಾದಾಮಿ ಬಸ್ಸಿನ ಹಾರ್ನ್ ಕೇಳಿಸಿತು. ಆಕೆಯನ್ನು ಎಬ್ಬಿಸು ಎಂದಳು ಬೋರವ್ವ, ದನಿ ಮಾತ್ರ ಮೊದಲಿನಷ್ಟು ಜೋರಿರಲಿಲ್ಲ. ಮಾಳಪ್ಪ ಕುರಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಎಬ್ಬಸಬ್ಯಾಡವ್ವ," ಎಂದ.

ಸವಿತಾ ಕಣ್ಣು ತೆರೆಯಲಿಲ್ಲ.

"ಈ ಮಾತು ಹೇಳಾಕ ಮೂರು ವರ್ಷ ಬೇಕಾತೇನ್ರಿ?"

ಮಾಳಪ್ಪ ಸೀರೆಯ ಚೀಲ ಎತ್ತಿಕೊಂಡು, ಒಲೆ ಹಚ್ಚಲು ಒಳಗೆ ಹೋದ.