ಉಪಾಸ ಅಂದ್ರ ಏನ್ ತಿಂದೀರಿ?

ಗದಿಗೆಮ್ಮನ ಬಗ್ಗೆ ಯಾರಾದರೂ ಬರೆದಾರು ಎಂದು ಇಷ್ಟು ವರ್ಷ ಕಾದೆ. ಯಾರೂ ಬರೆಯಲಿಲ್ಲ. ಬರೆಯಬೇಕಾದ ದೊಡ್ಡ ಡಾಕ್ಟರುಗಳಿಗೆ ಆಕೆಯ ಹೆಸರು ಬಾಯಿಗೇ ಬರುತ್ತಿರಲಿಲ್ಲ, ಅವರಿಗೆ ಆಕೆ ಬರೀ ‘ಆಯಾ’. ಹಾಗಾಗಿ ಹೈದರಾಬಾದಿನ ಆ ಆಸ್ಪತ್ರೆಯ ಗ್ಯಾಸ್ಟ್ರೋ ವಿಭಾಗದಲ್ಲಿ ಗುಮಾಸ್ತನಾಗಿದ್ದ ರಾಯಚೂರಿನ ಈ ಜನಾರ್ದನನೇ ಬರೆಯಬೇಕಾಗಿದೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮುಚ್ಚಿಡುವುದೇನು!

ಗದಿಗೆಮ್ಮ ಶಹಾಪುರದ ಕಡೆಯವಳು. ಗಂಡನ ಜೊತೆ ಗೌಂಡಿ ಕೆಲಸಕ್ಕೆ ಬಂದವಳು, ಅವನು ತೀರಿಕೊಂಡ ಮೇಲೆ ನಮ್ಮಲ್ಲಿ ಗುತ್ತಿಗೆಯ ಆಯಾ ಆಗಿ ಸೇರಿದಳು. ಗಂಟಲಿನಿಂದ ಹೊಟ್ಟೆಗೆ ಕ್ಯಾಮೆರಾ ನಳಿಗೆ ಇಳಿಸಿ ನೋಡುತ್ತಾರಲ್ಲ, ಆ ಎಂಡೋಸ್ಕೋಪಿ ಕೋಣೆಯಲ್ಲಿ ಆಕೆಗೆ ಕೆಲಸ. ನಳಿಗೆ ತೊಳೆಯುವುದು, ರೋಗಿಯ ತಲೆ ಹಿಡಿಯುವುದು, ವಾಂತಿ ಬಳಿಯುವುದು. ಹೀಗೇ ಹನ್ನೊಂದು ವರ್ಷ ಕಳೆಯಿತು.

ಅಲ್ಲಿನ ಕಲಿಕೆಗೂ ಒಂದು ಮೆಟ್ಟಿಲ ಲೆಕ್ಕವಿತ್ತು. ಎಂ.ಡಿ. ಮುಗಿಸಿ ಮತ್ತೆ ಮೂರು ವರ್ಷ ಹೊಟ್ಟೆಯ ಕಾಯಿಲೆಗಳನ್ನೇ ಓದುವವರು ಡಿ.ಎಂ. ವಿದ್ಯಾರ್ಥಿಗಳು. ನಳಿಗೆ ಹಿಡಿಯುವ ಹಕ್ಕು ಅವರದು. ಹಿಡಿದದ್ದನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು ಪ್ರೊಫೆಸರರ ಸಹಿ ಪಡೆಯಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ತಾವೇ ವಿಭಾಗ ಆರಿಸಿಕೊಂಡು ಹದಿನೈದು ದಿನದ ಇಲೆಕ್ಟಿವ್‌ಗೆ ಬರುವ ಹೌಸ್ ಸರ್ಜನ್‌ಗಳು ಗೋಡೆಗೆ ಒರಗಿ ಪರದೆ ನೋಡಬೇಕು, ಅಷ್ಟೇ. ಅದು ಸಾಫ್ಟ್‌ವೇರ್ ಉಕ್ಕಿ ಹರಿಯುತ್ತಿದ್ದ ಕಾಲ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು ಎದೆಯುರಿ ಎಂದು ಬಂದರೆ ಪ್ರೊಫೆಸರ್ ಸೂರ್ಯನಾರಾಯಣ ತಾವೇ ಕೈಹಾಕುತ್ತಿದ್ದರು. ಆ ಹುಡುಗರ ಆಫೀಸು, ಫ್ಲ್ಯಾಟು ಕಟ್ಟುವ ನಮ್ಮ ಕಡೆಯ ಕೂಲಿಗಳು ಬಂದರೆ ಕಲಿಯುವವರ ಪಾಲಿಗೆ. ಯಾರ ಗಂಟಲಲ್ಲಿ ಯಾರ ಕೈ ಪಳಗಬೇಕು ಎಂಬುದು ಬಾಗಿಲಲ್ಲೇ ತೀರ್ಮಾನವಾಗುತ್ತಿತ್ತು.

ಆ ಕೈಗಳನ್ನು ಪಳಗಿಸಿದವಳು ಯಾರು? ಗದಿಗೆಮ್ಮ! ‘ಒತ್ತಬ್ಯಾಡ್ರಿ ಡಾಕ್ಟರ್ ಸಾಬ್, ಆಕಿ ನುಂಗಲಿ, ಆಮ್ಯಾಗ ದೂಡ್ರಿ’ ಎಂದು ಆಕೆ ಮೆಲ್ಲಗೆ ಹೇಳಿದ್ದನ್ನು ಕೇಳಿಯೇ ಎಷ್ಟೋ ಜನ ಪಾಸಾದರು. ಕನ್ನಡದ ರೋಗಿ ಬಂದರೆ ದುಭಾಷಿಯೂ ಆಕೆಯೇ. ಪರೀಕ್ಷೆಗೆ ಹೊಟ್ಟೆ ಖಾಲಿ ಇರಬೇಕು. ಅದಕ್ಕೆ ಆಕೆ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಮುಂಜಾನಿಂದ ಬಾಯಾಗ ಏನೇನ್ ಹೋಗೈತಿ? ಚಾ, ಎಲಿ, ತಂಬಾಕು, ಎಲ್ಲಾ ಹೇಳ್ರಿ.’

ಆ ವರ್ಷ ಕೋಣೆಗೆ ಒಂದು ಕಾಯಂ ಸಹಾಯಕರ ಹುದ್ದೆ ಮಂಜೂರಾಯಿತು. ಗದಿಗೆಮ್ಮನಿಗೆ ಅದು ಬೇಕಾಗಿತ್ತು. ಬೇಕಾಗಿತ್ತು ಅಂದರೆ ಸಾಮಾನ್ಯವಾಗಿ ಅಲ್ಲ. ಗುತ್ತಿಗೆಯವರನ್ನು ಪ್ರತಿ ಮಾರ್ಚಿಗೆ ತೆಗೆದು ಎರಡು ವಾರ ಬಿಟ್ಟು ಮತ್ತೆ ಸೇರಿಸಿಕೊಳ್ಳುತ್ತಿದ್ದರು, ಆ ಎರಡು ವಾರ ಆಕೆಗೆ ಅನ್ನ ಸೇರುತ್ತಿರಲಿಲ್ಲ. ‘ಫೈಲಿನಲ್ಲಿ ಮೆಮೋ ಇರಬಾರದು, ಅಷ್ಟೇ. ಈ ಸಲ ನಿನ್ನದೇ’ ಎಂದು ಪ್ರೊಫೆಸರ್ ತೆಲುಗಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆಮೇಲೆ ತಿಳಿಯಿತು, ಅದೆಲ್ಲ ಮೂಗಿಗೆ ತುಪ್ಪ ಸವರುವ ಮಾತು.

ಶ್ರಾವಣದಲ್ಲಿ ಶಿವಪ್ರಕಾಶ ಎಂಬ ಮೈಸೂರಿನ ಡಿ.ಎಂ. ವಿದ್ಯಾರ್ಥಿಗೆ ಕೋಣೆಯ ಪಾಳಿ ಬಂತು. ಕೆಟ್ಟ ಹುಡುಗನಲ್ಲ. ಆದರೆ ಕೂಲಿ ಜನರ ಜೊತೆ ಗದಿಗೆಮ್ಮ ಮಾತಾಡಲು ಹೋದರೆ ನಗುತ್ತಿದ್ದ.

‘ನನಗೇ ಕನ್ನಡ ಬರುತ್ತಲ್ಲಮ್ಮ, ನೀವ್ಯಾಕೆ? ನಾನು ಮೈಸೂರಿನವನು.’

‘ನಿಮ್ದು ರೇಡಿಯೋ ಕನ್ನಡ್ರಿ. ನಮ್ ಮಂದಿ ಹೂಂ ಅಂತಾರ, ತಿಳಿಯೂದಿಲ್ಲ.’

ಒಂದು ಸೋಮವಾರ ಶರಣಬಸಮ್ಮ ಬಂದಳು. ಮಿಯಾಪುರದ ಫ್ಲ್ಯಾಟು ಕೆಲಸದಲ್ಲಿ ಇಟ್ಟಂಗಿ ಹೊರುವವಳು. ಮೈಕೈ ನೋವಿಗೆ ದಿನಾ ಗುಳಿಗೆ ನುಂಗಿ ನುಂಗಿ, ‘ಸಂಡಾಸ ಡಾಂಬರದಂಗ ಕರ್ರಗ ಹೊಂಟೈತ್ರಿ’ ಎನ್ನುತ್ತಾ ಬಂದಿದ್ದಳು. ಗದಿಗೆಮ್ಮ ಆಗ ಪಕ್ಕದ ಕೋಣೆಯಲ್ಲಿ ಮೊಣಕೈವರೆಗೆ ಗ್ಲೌಸು ಹಾಕಿ ನಳಿಗೆ ತೊಳೆಯುತ್ತಿದ್ದಳು. ತರಿಸಬೇಕಾದ ಸಾಮಾನಿನ ಇಂಡೆಂಟ್ ಬರೆದುಕೊಳ್ಳಲು ನಾನು ಆಕೆಯ ಪಕ್ಕದಲ್ಲೇ ನಿಂತಿದ್ದೆ. ತೆರೆದ ಬಾಗಿಲಿನಿಂದ ಶಿವಪ್ರಕಾಶ ಕೇಳಿದ್ದು ನನ್ನ ಕಿವಿಗೆ ಬಿತ್ತು.

‘ಉಪವಾಸ ಇದ್ದೀರಾ?’

‘ಹೌದ್ರಿ ಯಪ್ಪಾ, ಸ್ವಾಮಾರದ ಉಪಾಸ ಅದೀನಿ.’

ಅವನು ಖಾಲಿ ಹೊಟ್ಟೆ ಎಂದು ಬರೆದುಕೊಂಡ. ಅದೇ ಹಾಳೆಯ ದುಭಾಷಿ ಎಂಬ ಸಾಲಿನಲ್ಲಿ ರೂಢಿಯಂತೆ ಗದಿಗೆಮ್ಮನ ಹೆಸರನ್ನೂ ಗೀಚಿದ. ನಮ್ಮ ಕಡೆ ಉಪಾಸ ಎಂದರೆ ಅನ್ನ, ರೊಟ್ಟಿ ಮುಟ್ಟದಿರುವುದು. ಫರಾಳ, ಅಂದರೆ ಉಪಾಸದ ತಿಂಡಿ, ಅದರ ಲೆಕ್ಕ ಬೇರೆ! ಶರಣಬಸಮ್ಮ ಬೆಳಿಗ್ಗೆ ಬುಟ್ಟಿ ಹೊರುವ ಶಕ್ತಿ ಇರಲೆಂದು ಒಂದು ತಾಟು ಸಾಬೂದಾನಿ ಉಸಳಿ, ಎರಡು ಬಾಳೆಹಣ್ಣು, ಒಂದು ಶೇಂಗಾ ಉಂಡಿ ತಿಂದು, ಹಾಲು ಕುಡಿದು ಬಂದಿದ್ದಳು. ರಾಯಚೂರಿನಲ್ಲಿ ಹುಟ್ಟಿ ಬೆಳೆದ ನನಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ.

ಮಂಪರಿನ ಸೂಜಿ ಕೊಟ್ಟು ನಳಿಗೆ ಇಳಿಸುತ್ತಿದ್ದಂತೆ ಎಲ್ಲವೂ ಮೇಲೆ ಬಂತು. ಸ್ವಲ್ಪ ಶ್ವಾಸಕೋಶಕ್ಕೂ ಇಳಿಯಿತು. ಗದಿಗೆಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದು, ಆಕೆಯನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಂದ ಬಾಚಿ ಬಾಚಿ ತೆಗೆದಳು. ಶರಣಬಸಮ್ಮ ನಾಲ್ಕು ದಿನ ಐ.ಸಿ.ಯು.ದಲ್ಲಿದ್ದು ಬದುಕಿಕೊಂಡಳು. ಅವತ್ತು ಆಕೆ ಉಳಿದದ್ದು ಗದಿಗೆಮ್ಮನ ಬೆರಳುಗಳಿಂದ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮರುದಿನ ಪ್ರೊಫೆಸರ್ ನನ್ನನ್ನು ಕರೆದು, ಗದಿಗೆಮ್ಮನಿಗೊಂದು ಮೆಮೋ ಟೈಪ್ ಮಾಡು ಎಂದರು. ಖಾಲಿ ಹೊಟ್ಟೆಯೋ ಅಲ್ಲವೋ ಸರಿಯಾಗಿ ಕೇಳಿ ತಿಳಿಸಲಿಲ್ಲ ಎಂದು.

‘ಸಾರ್, ಆಕೆ ಅಲ್ಲಿರಲೇ ಇಲ್ಲ. ನಾನೇ ನೋಡಿದ್ದೇನೆ’ ಎಂದೆ.

‘ಕಾಗದದಲ್ಲಿ ಅವಳ ಹೆಸರಿದೆ. ಹುಡುಗನ ಹೆಸರು ಬರೆದರೆ ಅವನ ಪರೀಕ್ಷೆ ನಿಲ್ಲುತ್ತದೆ. ಮುಂದಿನ ತಿಂಗಳು ಡಿ.ಎಂ. ಸೀಟುಗಳ ತಪಾಸಣೆ ಬೇರೆ. ಇದು ಬರೀ ಕಾಗದ ಕಣಯ್ಯಾ.’

ನಾನು ಟೈಪ್ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು! ಮಾಡುವುದಿಲ್ಲ ಎನ್ನುವ ಎದೆಗಾರಿಕೆ ಇರಲಿಲ್ಲ. ಡಿಸೆಂಬರಿನಲ್ಲಿ ಸಂದರ್ಶನ ನಡೆಯಿತು. ಆಡಳಿತದವರು ಫೈಲು ತೆರೆದರು, ಮೆಮೋ ಕಂಡಿತು, ಮುಚ್ಚಿದರು. ಹುದ್ದೆ ಹೊರಗಿನವರೊಬ್ಬರಿಗೆ ಹೋಯಿತು. ‘ಬರೀ ಕಾಗದ’ ಎಂದಿದ್ದ ಪ್ರೊಫೆಸರ್ ಅವತ್ತು ರಜೆಯಲ್ಲಿದ್ದರು.

ಫೆಬ್ರುವರಿಯಲ್ಲಿ ನಮ್ಮ ಪಡಸಾಲೆಯ ಗೋಡೆಗೆ ದೊಡ್ಡ ಬಣ್ಣದ ಹಾಳೆ ಅಂಟಿಸಿದರು. ಯಾವುದೋ ಡಾಕ್ಟರುಗಳ ಸಮ್ಮೇಳನದಲ್ಲಿ ಅದಕ್ಕೆ ಬಹುಮಾನ ಬಂದಿತ್ತಂತೆ. ಬರೆದವನು ಶಿವಪ್ರಕಾಶ, ಮಾರ್ಗದರ್ಶಕರು ಪ್ರೊಫೆಸರ್. ಗದಿಗೆಮ್ಮ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತಾ ಬಂದಳು.

‘ಇಂಗ್ಲೀಷದಾಗೈತಿ. ಏನ್ ಬರದಾರ, ಓದ್ರಿ ರಾಯರ.’

ಕನ್ನಡ ಮಾಡಿ ಓದಿ ಹೇಳಿದೆ. ರೋಗಿಗೆ ಉಪವಾಸವೇ ಎಂದು ಕೇಳಬಾರದು, ಬೆಳಗಿನಿಂದ ಬಾಯಿಗೆ ಏನೇನು ಹೋಗಿದೆ ಎಂದು ಕೇಳಬೇಕು, ಚಹಾ, ಎಲೆ, ತಂಬಾಕನ್ನೂ ಸೇರಿಸಿ.

‘ಇದು ನನ್ ಮಾತಲ್ಲೇನ್ರಿ?’

‘ಹೌದು ಗದಿಗೆಮ್ಮಾ.’

‘ಹಂಗಾರ ನನ್ ಹೆಸ್ರು ಎಲ್ಲೈತಿ, ಬಟ್ಟು ಇಟ್ಟು ತೋರಸ್ರಿ.’

ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಕೊನೆಯ ಸಾಲಿನಲ್ಲಿ ಕಾಲೇಜಿಗೆ, ಔಷಧದ ಕಂಪನಿಗೆ, ‘ಮತ್ತು ಸಿಬ್ಬಂದಿಗೆ’ ವಂದನೆ ಇತ್ತು. ಆ ಪದದ ಮೇಲೆ ಬೆರಳಿಟ್ಟೆ.

‘ಇಲ್ಲಿ ಗದಿಗೆಮ್ಮ ಅಂತ ಬರದಾರೇನು?’

‘ಇಲ್ಲ.’

ಆಕೆ ಹಾಳೆಯನ್ನು ಬಿಟ್ಟು ನನ್ನ ಮುಖ ನೋಡಿದಳು.

‘ಮೆಮೋದಾಗ ಅಪ್ಪನ ಹೆಸ್ರು, ಊರು, ಎಲ್ಲಾ ಹಚ್ಚಿ ಪೂರಾ ಬರದಿತ್ತಲ್ರಿ ರಾಯರ. ಒಂದಕ್ಷರ ತಪ್ಪಿರಲಿಲ್ಲಂತ. ಅದನ್ನ ಯಾರ್ ಬರದಿದ್ರು?’

‘ನಾನೇ’ ಎಂದೆ.