ಕೆಂಟನ್ನಿನಲ್ಲಿ ಹಾಕಿದ ಮೊದಲ ವೋಟು

ವಿಲಾಯತಿಯ ಕೆಂಟನ್ನಿಗೆ ಬಂದ ಹೊಸದರಲ್ಲಿ ಕೌನ್ಸಿಲ್ ಚುನಾವಣೆ ಬಂತು; ನಮ್ಮ ದೇಶದವರಿಗೂ ಅಲ್ಲಿ ವೋಟಿನ ಹಕ್ಕುಂಟು. ಯಾವುದೋ ಕಾಗದ ಇಲ್ಲ ಅಂತ ವಾಪಸ್ ಕಳಿಸಿದರೆ ಮರ್ಯಾದೆ ಹೋಗುತ್ತದೆಂದು ಪಾಸ್‌ಪೋರ್ಟು, ಗ್ಯಾಸ್ ಬಿಲ್ಲು, ಮದುವೆ ಸರ್ಟಿಫಿಕೇಟು ಎಲ್ಲಾ ಹೊತ್ತು ಮತಗಟ್ಟೆಗೆ ಹೋದೆ. ಮೇಜಿನ ಹಿಂದಿದ್ದ ಅಜ್ಜಿ ಅದ್ಯಾವುದನ್ನೂ ಮುಟ್ಟಲಿಲ್ಲ. ಹೆಸರು, ವಿಳಾಸ ಕೇಳಿ, ಪಟ್ಟಿಯಲ್ಲಿ ಗೆರೆ ಎಳೆದು ಮತಪತ್ರ ಕೊಟ್ಟರು.

"ನಾನು ನಾನೇ ಅಂತ ನಿಮಗೆ ಹೇಗೆ ಗೊತ್ತು?" ಅಂದೆ.

"ನೀವೇ ಈಗ ಹೇಳಿದಿರಲ್ಲ!"

ಧಾರವಾಡದ ರೂಢಿ, ಶಾಯಿ ಹಚ್ಚಲೆಂದು ಎಡಗೈ ತೋರುಬೆರಳು ಚಾಚಿದೆ. ಗಾಯವಾಗಿದೆ ಅಂದುಕೊಂಡು ಅವರು ಪ್ಲಾಸ್ಟರ್ ಹುಡುಕತೊಡಗಿದರು.

ಬರೀ ಬಾಯಿಮಾತನ್ನು ಇಷ್ಟು ನಂಬುವ ಸರ್ಕಾರವನ್ನು ನಾನು ಕಂಡಿರಲೇ ಇಲ್ಲ. ಎದೆಯುಬ್ಬಿಸಿಕೊಂಡು ಮರೆಗೆ ಹೋಗಿ, ಗುರುತು ಹಾಕಲು ಪೆನ್ಸಿಲ್ ಎತ್ತಿದೆ. ಅದನ್ನು ಮಾತ್ರ ದಾರದಿಂದ ಮೇಜಿಗೆ ಬಿಗಿಯಾಗಿ ಕಟ್ಟಿದ್ದರು.