ಅಬ್ವೋಲಿಗೆ ಕೆಮ್ಮು ಬಂದ ದಿನ

ಕಬಸಿಂಗುಜಿ ಎಂಬ ಹೆಸರು ಕಚೇರಿಯ ಕಾಗದಗಳಲ್ಲಿ ಮಾತ್ರ ಇತ್ತು. ಟೋರೊ ಸೀಮೆಯಲ್ಲಿ ಮುದ್ದಿನ ಹೆಸರು ಹಿಡಿಯದೆ ಮಾತಾಡಿಸಿದರೆ ಜಗಳಕ್ಕೆ ಕರೆದ ಹಾಗೆಯೇ. ಹಾಗಾಗಿ ಊರಿಗೆಲ್ಲ ಅವಳು ಅಬ್ವೋಲಿ. ವಯಸ್ಸು ಐವತ್ತರ ಹತ್ತಿರ. ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಬಾಯಿ. ಕಾಡಿನ ಕಚೇರಿಯಲ್ಲಿ ಅವಳಿಗೆ ಎದುರಾಡುವವರು ಕಡಿಮೆ, ಎದುರಾಡಿ ಗೆದ್ದವರಂತೂ ಇಲ್ಲವೇ ಇಲ್ಲ.

ಅವಳು ಮಾಡುತ್ತಿದ್ದದ್ದು ಕೇಳಿದವರಿಗೆ ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ. ಮನುಷ್ಯರನ್ನು ಕಂಡರೆ ಓಡುವ ಚಿಂಪಾಂಜಿಗಳ ಗುಂಪೊಂದನ್ನು ದಿನವೂ ಹುಡುಕಿಕೊಂಡು ಹೋಗಬೇಕು, ಅವುಗಳ ಕಣ್ಣಿಗೆ ಬೀಳುವಂತೆ ತೆಪ್ಪಗೆ ಕೂರಬೇಕು, ಸಂಜೆ ಮನೆಗೆ ಬರಬೇಕು. ತಿನ್ನಲು ಕೊಡುವಂತಿಲ್ಲ, ಮುಟ್ಟುವಂತಿಲ್ಲ. ಮನುಷ್ಯರಿದ್ದರೂ ತಮ್ಮ ಪಾಡಿಗೆ ತಾವಿರುವುದು ಅವಕ್ಕೆ ರೂಢಿಯಾದ ಮೇಲೆಯೇ ಪ್ರವಾಸಿಗರಿಗೆ ದಾರಿ ತೆರೆಯುವುದು.

"ಸಂಸಾರಸ್ಥ ಹೆಂಗಸು, ದಿನಾ ಕಾಡಲ್ಲಿ ಕೂತು ಗಂಡು ಕೋತಿ ನೋಡ್ತೀಯಂತೆ?" ಎಂದು ಅತ್ತೆ ಮೂಗು ಮುರಿದರು.

"ಹೂಂ ಅತ್ತೆ. ನಿಮ್ಮ ಮಗ ಗೊರಕೆ ಹೊಡೀತಾರೆ, ಅವು ಹೊಡೆಯಲ್ಲ," ಎಂದಳು ಅಬ್ವೋಲಿ. ಅತ್ತೆ ಆ ವಿಷಯ ಮತ್ತೆ ಎತ್ತಲಿಲ್ಲ.

ಮೊದಲ ವರ್ಷ ಗುಂಪಿನ ಯಜಮಾನ, ಎಲ್ಲರೂ ಮುದುಕಪ್ಪ ಎನ್ನುತ್ತಿದ್ದ ಗಂಡು, ಮರದ ಮೇಲೆ ನಿಂತು ಅವಳ ತಲೆಗೇ ಗುರಿಯಿಟ್ಟು ಉಚ್ಚೆ ಹೊಯ್ದಿತು. ಜೊತೆಗಾರ ಅಟ್ವೋಕಿ ವಾರವಿಡೀ ನಕ್ಕ. ಅವನು ದೊಡ್ಡ ಆಳು, ಒಳ್ಳೆಯವನು. ಆದರೆ ಹೆಜ್ಜೆಯಿಟ್ಟಲ್ಲೆಲ್ಲ ಒಣಕೊಂಬೆ ಮುರಿಯುತ್ತಿದ್ದ. ಎರಡನೆಯ ವರ್ಷ ಯಾರಿಂದಲೋ ಗುಂಪಿಗೆ ಕೆಮ್ಮು ಅಂಟಿತು. ಮನುಷ್ಯರ ನೆಗಡಿ ಚಿಂಪಾಂಜಿಗೆ ಮೃತ್ಯು. ಹರಿದ ಕಿವಿಯ ತಾಯಿಯೊಂದು ಸತ್ತ ಮರಿಯನ್ನು ಬೆನ್ನ ಮೇಲೆ ಹೊತ್ತು ದಿನಗಟ್ಟಲೆ ತಿರುಗಿತು. ಅದನ್ನು ಕಂಡು ಅಬ್ವೋಲಿ ಅನ್ನ ನೀರು ಬಿಟ್ಟು ಅತ್ತಿದ್ದಳು.

ಆರನೆಯ ವರ್ಷ ರಾಜಧಾನಿ ಕಂಪಾಲಾದಿಂದ ಪರೀಕ್ಷೆಗೆ ಅಧಿಕಾರಿಗಳು ಬರುವುದಾಯಿತು. ಹೊಸಬರ ಎದುರು ಗುಂಪು ನೆಮ್ಮದಿಯಾಗಿ ಕೂತರೆ ದಾರಿ ತೆರೆಯುತ್ತದೆ, ಓಡಿದರೆ ಮತ್ತೆ ವರ್ಷಗಟ್ಟಲೆ ಕಾಯಬೇಕು. ಮುಂದೆ ನಡೆಯುವವಳು ಅಬ್ವೋಲಿಯೇ ಎಂದು ಕಚೇರಿಯ ಮುಖ್ಯಸ್ಥ ಅರಾಲಿ ಹೇಳಿಬಿಟ್ಟಿದ್ದ. ಅವಳು ಸಂತೆಗೆಲ್ಲ ಸಾರಿದ್ದೂ ಆಗಿತ್ತು, ಅಂಗಿಗೆ ಇಸ್ತ್ರಿ ಹಾಕಿಸಿದ್ದೂ ಆಗಿತ್ತು.

ಅವತ್ತು ಬೆಳಿಗ್ಗೆ ರಾಗಿ ಗಂಜಿ ಕುಡಿಯುವಾಗ ಗಂಟಲು ಕೆರೆಯಿತು. ಬಾಳೆತೋಟದ ಮರೆಗೆ ಹೋಗಿ ಕೆಮ್ಮಿದಳು. ಗಂಜಿ ನೆತ್ತಿಗೇರಿದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಕಚೇರಿಯವರೆಗೂ ಮತ್ತೆ ಮತ್ತೆ ಬಂದ ಕೆಮ್ಮನ್ನು ತಡೆದುಕೊಂಡೇ ನಡೆದಳು. ಅಂಗಳದಲ್ಲಿ ಕಂಪಾಲಾದವರು ಬೂಟಿನ ದಾರ ಬಿಗಿಯುತ್ತಿದ್ದರು.

"ಅರಾಲಿ, ನಂಗೆ ಕೆಮ್ಮು. ನಾನು ಒಳಗೆ ಹೋಗಲ್ಲ."

ಅರಾಲಿ ಅವಳನ್ನು ಪಕ್ಕಕ್ಕೆ ಕರೆದ. "ಇವತ್ತೇ ಬರಬೇಕಿತ್ತಾ ನಿನ್ ಕೆಮ್ಮು? ಹೆಂಗೂ ಎಲ್ರೂ ಮಾಸ್ಕ್ ಹಾಕ್ತೀವಲ್ಲ ಅಬ್ವೋಲಿ, ಒಂದು ಗಂಟೆ ತಡ್ಕೋ. ನೀನಿಲ್ದೆ ಅವು ಓಡಿಹೋದ್ರೆ?"

"ಓಡಿದ್ರೆ ಓಡ್ಲಿ. ಆ ಹರಿದ ಕಿವಿಯವಳ ಮಡಿಲಲ್ಲಿ ಈಗ ಇನ್ನೊಂದು ಕೂಸಿದೆ. ಅದರ ಹೆಣಾನೂ ಅವಳು ಹೊತ್ಕೊಂಡು ತಿರುಗೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಅಟ್ವೋಕಿ ಕರ್ಕೊಂಡು ಹೋಗ್ತಾನೆ."

ಅಲ್ಲೇ ಚಹಾ ಕುಡಿಯುತ್ತಿದ್ದ ಅಟ್ವೋಕಿ ಲೋಟ ಕೆಳಗಿಟ್ಟ. "ನಾನಾ? ಅವು ಕೂರೋದು ನಿನ್ನ ಮುಖ ನೋಡಿ ಕಣೇ!"

"ಹಾಗೇನಾದ್ರೂ ಇದ್ರೆ ಆರು ವರ್ಷ ನಾನು ಕಡಿದು ಗುಡ್ಡೆ ಹಾಕಿದ್ದು ಏನೂ ಇಲ್ಲ ಅಂತಾಯ್ತು. ಹೋಗು. ಒಂದು ಕೊಂಬೆ ಮುರಿದ್ರೂ ನಿನ್ನ ಕಾಲು ಮುರೀತೀನಿ."

ಅವರು ಕಾಡಿನೊಳಗೆ ಮರೆಯಾಗುವವರೆಗೂ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಮೇಲೆ ಹಕ್ಕಿ ನೋಡಲು ಬಂದಿದ್ದ ಗಂಡ ಹೆಂಡತಿಯನ್ನು ಜವುಗಿನ ಕಡೆಗೆ ಕರೆದೊಯ್ದಳು. ಪುಣ್ಯಕ್ಕೆ ಹಕ್ಕಿಗಳಿಗೆ ನಮ್ಮ ನೆಗಡಿ ಅಂಟುವುದಿಲ್ಲ. ದೊಡ್ಡ ನೀಲಿ ಟುರಾಕೊಗಳು ಕೊಂಬೆಯ ಮೇಲೆ ಓಡಾಡುತ್ತಿದ್ದವು. ಬಂದವರು ಕುಣಿಯುವುದೊಂದೇ ಬಾಕಿ. ಅವಳು ಬೆರಳು ತೋರಿಸುತ್ತಿದ್ದದ್ದು ಹಕ್ಕಿಗಳ ಕಡೆಗೆ, ಕಿವಿ ಮಾತ್ರ ಕಾಡಿನ ಕಡೆಗಿತ್ತು. ಅಲ್ಲಿಂದ ಕೂಗಿಲ್ಲ, ಕಿರುಚಾಟವಿಲ್ಲ. ಗುಂಪು ಕೂತಿದೆಯೋ, ಸದ್ದಿಲ್ಲದೆ ಓಡಿಹೋಯಿತೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಅಟ್ವೋಕಿ ಮೊಣಕಾಲುದ್ದ ಕೆಸರಿನಲ್ಲಿ ಓಡಿಬಂದ. ಅವನ ಹಿಂದೆ ಅರಾಲಿ, ಕಂಪಾಲಾದವರು. ಅಬ್ವೋಲಿ ದೂರದಲ್ಲೇ ಕೈ ಅಡ್ಡಹಿಡಿದು ನಿಲ್ಲಿಸಿದಳು. "ಅಲ್ಲಿಂದಲೇ ಹೇಳು."

"ಕೂತ್ವು ಅಬ್ವೋಲಿ! ಅತ್ತಿಹಣ್ಣು ತಿಂತಾ ಆರಾಮಾಗಿ ಕೂತಿದ್ವು. ಮುದುಕಪ್ಪ ನಮ್ ಕಡೆ ಬೆನ್ನು ಹಾಕಿ ಮಲ್ಗೇಬಿಟ್ಟ. ಹರಿದ ಕಿವಿಯವಳು ಕೂಸಿಗೆ ಹಾಲು ಕುಡಿಸ್ತಿದ್ಲು. ದಾರಿ ತೆರೀತು ಅನ್ಕೋ!"

ಅಬ್ವೋಲಿ ಅಂಗಿಯ ಗುಂಡಿ ತಿರುವುತ್ತ ನಿಂತಳು. ಅವಳ ದನಿ ಇಳಿಯಿತು. "ನನ್ನ ಹುಡುಕಿದ್ವಾ?"

ಅಟ್ವೋಕಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನು ನೆಲ ನೋಡಿದ. "ಇಲ್ಲ ಅಬ್ವೋಲಿ. ಒಂದ್ಸಲನೂ ಇಲ್ಲ."

ಅವಳ ಕಣ್ಣು ತುಂಬಿತು. ಆದರೆ ಬೆನ್ನು ಮಾತ್ರ ಇನ್ನಷ್ಟು ನೆಟ್ಟಗಾಯಿತು.

"ಹಂಗಾದ್ರೆ ಚೆನ್ನಾಗೇ ಕಲಿಸಿದೀನಿ," ಎಂದಳು. ಆಮೇಲೆ ಬೆಳಗಿನಿಂದ ತಡೆದುಕೊಂಡಿದ್ದ ಕೆಮ್ಮನ್ನೆಲ್ಲ, ಅವರತ್ತ ಬೆನ್ನು ತಿರುಗಿಸಿ, ಎದೆ ತುಂಬ ಕೆಮ್ಮಿದಳು.